ಸ್ಲೈಡರ್ ಎಳೆಯುವುದು ಬಿಡಿ, ಸ್ವಂತ ಪ್ರೊಫೈಲ್ ಮಾಡಿಕೊಳ್ಳಿ

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಬಂತೆಂದರೆ ಸಣ್ಣ ಊರುಗಳ ಸ್ಟುಡಿಯೊಗಳಲ್ಲಿ ಒಂದೇ ಗೋಳು. ಮಾನಿಟರ್‌ನಲ್ಲಿ ಕೆನೆಬಣ್ಣವಿದ್ದ ಧಾರೆ ಸೀರೆ ಪ್ರಿಂಟ್‌ನಲ್ಲಿ ಗುಲಾಬಿಗೆ ತಿರುಗುತ್ತದೆ, ಮುಖದ ನೆರಳಿನ ಭಾಗ ಹಸಿರಾಗುತ್ತದೆ. ಪ್ರಿಂಟರ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನಲ್ಲಿ ಮೆಜೆಂಟಾ (ನೇರಳೆಗೆಂಪು) ಸ್ಲೈಡರ್ ಇಳಿಸಿದರೆ ಸೀರೆ ಸರಿಹೋಗಬಹುದು, ಆದರೆ ಕುಂಕುಮದ ಕೆಂಪು ಸಪ್ಪೆಯಾಗುತ್ತದೆ. ಏಕೆಂದರೆ ಸ್ಲೈಡರ್ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸರಿಸುತ್ತದೆ. ಎಪ್ಸನ್ ಎಲ್805ರಂಥ ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಜತೆ ಬರುವ ಪ್ರೊಫೈಲ್ (ಪ್ರಿಂಟರ್ ಯಾವ ಬಣ್ಣವನ್ನು ಹೇಗೆ ಮುದ್ರಿಸುತ್ತದೆಂದು ಕಂಪ್ಯೂಟರ್‌ಗೆ ತಿಳಿಸುವ ಫೈಲ್) ಕಂಪನಿಯ ಇಂಕ್ ಮತ್ತು ಪೇಪರ್‌ಗೆ ಮಾತ್ರ ಹೊಂದುತ್ತದೆ. ಬೇರೆ ಕಂಪನಿಯ ಕಂಪ್ಯಾಟಿಬಲ್ ಇಂಕ್ ತುಂಬಿ, ಸಗಟು ಅಂಗಡಿಯ ಗ್ಲಾಸಿ ಹಾಳೆ ಹಾಕಿದವರು ಆ ಜೋಡಿಗೇ ಪ್ರೊಫೈಲ್ ಮಾಡಿಕೊಳ್ಳಬೇಕು.

ಇದಕ್ಕೆ ತೀರಾ ದುಬಾರಿ ಉಪಕರಣ ಬೇಡ. ಆದರೆ ಮಾನಿಟರ್‌ಗೆ ತಗುಲಿಹಾಕಿ ಬಣ್ಣ ಅಳೆಯುವ ಕಲರಿಮೀಟರ್ ನಡೆಯದು. ಹಾಳೆಯನ್ನು ಅಳೆಯಲು ಬೇಕಾದ ಸ್ವಂತ ಬೆಳಕು ಅದಕ್ಕಿಲ್ಲ. ಸ್ಕ್ಯಾನರ್ ಕೂಡ ನಂಬಿಕೆಗೆ ಅರ್ಹವಲ್ಲ, ಅದರ ಫಿಲ್ಟರ್‌ಗಳು ನಮ್ಮ ಕಣ್ಣಿನಂತೆ ಬಣ್ಣ ಕಾಣುವುದಿಲ್ಲ. ಬೇಕಿರುವುದು ಸ್ವಂತ ಬೆಳಕು ಬೀರಿ ಹಾಳೆಯ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್. ಎಕ್ಸ್-ರೈಟ್‌ನ ಕಲರ್‌ಮಂಕಿ ಫೋಟೊ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ. ಕಲರ್‌ಮಂಕಿ ಸ್ಮೈಲ್, ಕಲರ್‌ಮಂಕಿ ಡಿಸ್‌ಪ್ಲೇ ಎಂಬವೂ ಅದೇ ಹೆಸರಿನಲ್ಲಿವೆ, ಅವು ಮಾನಿಟರ್‌ಗಷ್ಟೇ. ಅದೇ ವಂಶದ ಹೊಸ ಪೀಳಿಗೆಯದು ಕ್ಯಾಲಿಬ್ರೈಟ್ ಕಲರ್‌ಚೆಕರ್ ಸ್ಟುಡಿಯೊ. ಸಾಫ್ಟ್‌ವೇರ್‌ಗೆ ಗ್ರೇಮ್ ಗಿಲ್ ಅವರ ಆರ್ಗಿಲ್ ಸಿಎಂಎಸ್ ಪೂರ್ತಿ ಉಚಿತ. ವಿಂಡೋಸ್‌ನಲ್ಲಿ ಮಾತ್ರ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಉಪಕರಣಕ್ಕೆ ಆರ್ಗಿಲ್‌ನದೇ ಡ್ರೈವರ್ ಕೂರಿಸಬೇಕು, ಇಲ್ಲವಾದರೆ ಆರ್ಗಿಲ್ ಉಪಕರಣವನ್ನು ಗುರುತೇ ಹಿಡಿಯದು.

ಮೊದಲು ನಾಜಲ್ (ಇಂಕ್ ಚಿಮ್ಮುವ ರಂಧ್ರ) ಚೆಕ್. ಒಂದು ನಾಜಲ್ ಕಟ್ಟಿಕೊಂಡಿದ್ದರೂ ಆ ದೋಷವೇ ಪ್ರೊಫೈಲ್‌ನೊಳಗೆ ಸೇರಿಬಿಡುತ್ತದೆ. ಆಮೇಲೆ ಆರ್ಗಿಲ್‌ನ ಟಾರ್‌ಜೆನ್ ಮತ್ತು ಪ್ರಿಂಟ್‌ಟಾರ್ಗ್ ಆಜ್ಞೆಗಳಿಂದ ಸುಮಾರು 400 ಬಣ್ಣದ ಚೌಕಗಳ ಚಾರ್ಟ್ ತಯಾರಿಸಿ, ಎ4 ಹಾಳೆಗಳ ಮೇಲೆ ಮುದ್ರಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಚಾರ್ಟ್ ಮುದ್ರಿಸುವಾಗ ಯಾವ ಹಂತದಲ್ಲೂ ಬಣ್ಣ ತಿದ್ದುಪಡಿ ಆಗಕೂಡದು: ಡ್ರೈವರ್‌ನಲ್ಲಿ ‘ನೋ ಕಲರ್ ಅಡ್ಜಸ್ಟ್‌ಮೆಂಟ್’, ಮುದ್ರಣದ ಗಾತ್ರ 100%, ಮತ್ತು ಮುದ್ರಿಸಲು ಅಡೋಬಿಯ ಉಚಿತ ಕಲರ್ ಪ್ರಿಂಟರ್ ಯುಟಿಲಿಟಿ. ಆರಿಸಿದ ಪೇಪರ್ ಟೈಪ್, ಕ್ವಾಲಿಟಿ ಎರಡನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಅದೇ ಸೆಟ್ಟಿಂಗ್‌ಗೆ ಮಾತ್ರ ಈ ಪ್ರೊಫೈಲ್ ಸಲ್ಲುತ್ತದೆ.

ಡೈ ಇಂಕ್ (ದ್ರವದಲ್ಲಿ ಕರಗಿದ ಬಣ್ಣದ ಇಂಕ್) ಮುಟ್ಟಿದರೆ ಒಣಗಿದಂತೆ ಕಂಡರೂ ಬಣ್ಣ ಇನ್ನೂ ಸರಿಯುತ್ತಿರುತ್ತದೆ. ಒಂದು ದಿನ ಬಿಟ್ಟು ಅಳೆಯಿರಿ. ಚಾರ್ಟ್ ಕೆಳಗೆ ಅದೇ ಪೇಪರ್‌ನ ಮೂರ್ನಾಲ್ಕು ಖಾಲಿ ಹಾಳೆ ಇರಲಿ, ಕಪ್ಪು ಮೇಜು ತೆಳು ಬಣ್ಣಗಳನ್ನು ಕೆಡಿಸುತ್ತದೆ. ಆರ್ಗಿಲ್‌ನ ಚಾರ್ಟ್‌ರೀಡ್ ಆಜ್ಞೆ ನಡೆಸಿ, ಸಾಲಿನ ಆರಂಭದ ಬಿಳಿಭಾಗದಲ್ಲಿ ಉಪಕರಣ ಇಟ್ಟು, ಬಟನ್ ಒತ್ತಿ ಹಿಡಿದು, ಒಂದೇ ವೇಗದಲ್ಲಿ ಕೊನೆಯ ಚೌಕ ದಾಟುವವರೆಗೆ ಸರಿಸಿ. ಅವಸರ ಮಾಡಿದರೆ ಪ್ರತಿ ಚೌಕಕ್ಕೆ ಸಿಗುವ ಮಾದರಿಗಳು ಸಾಲದೆ ಸಾಲು ತಿರಸ್ಕಾರವಾಗುತ್ತದೆ.

ಈ ಅಳತೆಗಳಿಂದ ಕೋಲ್‌ಪ್ರೊಫ್ ಆಜ್ಞೆ ಪ್ರೊಫೈಲ್ ಕಟ್ಟುತ್ತದೆ. ಅದಕ್ಕೆ ನಿಮ್ಮ ಫೋಟೊಗಳ ಬಣ್ಣವ್ಯಾಪ್ತಿಯನ್ನು, ಅಂದರೆ ಎಸ್‌ಆರ್‌ಜಿಬಿ ಅಥವಾ ಅಡೋಬಿ ಆರ್‌ಜಿಬಿಯನ್ನು ಮೂಲವಾಗಿ ಕೊಡಲು ಮರೆಯಬೇಡಿ. ಕೊಡದಿದ್ದರೆ, ಮುದ್ರಿಸಲಾಗದ ಬಣ್ಣಗಳನ್ನು ಕಣ್ಣಿಗೆ ಸಹಜವಾಗುವಂತೆ ಹೊಂದಿಸುವ ಪರ್ಸೆಪ್ಚುಯಲ್ ಆಯ್ಕೆ ಹೆಸರಿಗಷ್ಟೇ ಇರುತ್ತದೆ. ಪ್ರೊಫೈಲ್ ಪರೀಕ್ಷಿಸುವ ಪ್ರೊಫ್‌ಚೆಕ್‌ನಲ್ಲಿ ಸರಾಸರಿ ಡೆಲ್ಟಾ ಇ (ಬಣ್ಣದ ವ್ಯತ್ಯಾಸದ ಅಳತೆ) 2ರೊಳಗಿದ್ದರೆ ನೆಮ್ಮದಿ. ಒಂದೆರಡು ಚೌಕಗಳಷ್ಟೇ ವಿಪರೀತ ತಪ್ಪು ತೋರಿಸಿದರೆ ಆ ಸಾಲನ್ನು ಮತ್ತೆ ಓದಿಸಿ. ಬಿಳುಪು ಹೆಚ್ಚಿಸಲು ಸೇರಿಸುವ ಹೊಳಪಿನ ರಾಸಾಯನಿಕ ಹೆಚ್ಚಿರುವ ಅಗ್ಗದ ಹಾಳೆಗಳ ಬಗ್ಗೆ ಎಚ್ಚರ: ಕಲರ್‌ಮಂಕಿಯ ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಇಲ್ಲದ ಕಾರಣ ಆ ಹೊಳಪು ಅದಕ್ಕೆ ಕಾಣದು, ಬಿಸಿಲಲ್ಲಿ ಪ್ರಿಂಟ್ ತುಸು ನೀಲಿಯಾಗಿ ಕಾಣುತ್ತದೆ. ಅದು ಪ್ರೊಫೈಲ್‌ನ ತಪ್ಪಲ್ಲ, ಪೇಪರ್ ಬದಲಿಸುವುದೇ ಪರಿಹಾರ.

ಬಳಸುವಾಗ ಫೋಟೊಶಾಪ್‌ಗೆ ಬಣ್ಣದ ಹೊಣೆ ಕೊಟ್ಟು ಡ್ರೈವರ್‌ನಲ್ಲಿ ಬಣ್ಣ ತಿದ್ದುಪಡಿ ಆಫ್ ಮಾಡಿ. ಎರಡೂ ಕಡೆ ತಿದ್ದಿದರೆ ಮುಖಗಳೆಲ್ಲ ಕೆಂಪು. ಇಂಕ್ ಬ್ರ್ಯಾಂಡ್ ಬದಲಾದಾಗ ಚಾರ್ಟ್ ಮತ್ತೆ ಹೊಸದಾಗಿ.

ಹೀಗೆ ವರ್ಷದಲ್ಲಿ ಕೆಲವೇ ಬಾರಿ ಬೇಕಾಗುವ ಉಪಕರಣವನ್ನು ಪ್ರತಿ ಸ್ಟುಡಿಯೊ ಕೊಳ್ಳಬೇಕಿಲ್ಲ. ತಾಲ್ಲೂಕು ಛಾಯಾಗ್ರಾಹಕರ ಸಂಘಗಳು ಒಂದೊಂದನ್ನು ಕೊಂಡು ಸದಸ್ಯರಿಗೆ ಸರದಿಯಲ್ಲಿ ಒದಗಿಸಲಿ. ಪ್ರಿಂಟರ್ ಹೊತ್ತು ತರುವ ಅಗತ್ಯವೂ ಇಲ್ಲ: ಒಣಗಿದ ಚಾರ್ಟ್‌ಗಳನ್ನು ಸುರುಳಿ ಸುತ್ತದೆ, ಚಾರ್ಟ್‌ನ ಫೈಲ್ ಇರುವ ಪೆನ್‌ಡ್ರೈವ್ ಜತೆ ತಂದರೆ ಸಾಕು.

— ಒಬ್ಬ ಮುದ್ರಕ, ಗದಗ