ಸಾಸ್ ಕೊನೆಗೆ ಹಾಕು, ರಾಘು

ಬ್ಯಾಟನ್ ರೂಜ್, ಲೂಸಿಯಾನಾ
ಭಾನುವಾರ ರಾತ್ರಿ

ಪ್ರೀತಿಯ ರಾಘು,

ನಾನು ಕೊಟ್ಟುಬಂದ ಬಾಟಲಿಯ ಟಬಾಸ್ಕೋ ಅನ್ನುವ ಮೆಣಸಿನಕಾಯಿ ಸಾಸನ್ನು ತಿಳಿಸಾರಿಗೆ ಹಾಕಿ ನೋಡಿದೆ, ಖಾರಕ್ಕಿಂತ ಹುಳಿಯೇ ಜಾಸ್ತಿ ಅಂತ ಬರೆದಿದ್ದೀಯ. ನಿನ್ನ ನಾಲಿಗೆ ಸರಿಯಾಗಿಯೇ ಹೇಳಿದೆ ಕಣೋ. ನನಗೆ ಅದು ತಿಳಿಯಲು ಎರಡು ವರ್ಷ ಬೇಕಾಯಿತು.

ಅದರಲ್ಲಿರುವುದು ಮೆಣಸಿನಹಣ್ಣು, ಉಪ್ಪು, ವಿನೆಗರ್, ಅಷ್ಟೇ. ಇಲ್ಲಿನ ಏವರಿ ಐಲ್ಯಾಂಡಿನಲ್ಲಿ 1868ರಿಂದ ಮಾಡುತ್ತಿದ್ದಾರೆ. ಕೆಂಪಗೆ ಹಣ್ಣಾದ ಮೆಣಸನ್ನು ಉಪ್ಪು ಹಾಕಿ ಅರೆದು, ಓಕ್ ಮರದ ಪೀಪಾಯಿಗಳಲ್ಲಿ 3 ವರ್ಷದವರೆಗೂ ಹುಳಿಯಲು ಬಿಡುತ್ತಾರೆ. ಪೀಪಾಯಿಯ ಮೇಲೂ ದಪ್ಪಗೆ ಉಪ್ಪು ಹರಡುತ್ತಾರೆ. ಉಪ್ಪಿನಕಾಯಿ ಭರಣಿ ನೆನಪಾಗುತ್ತೆ ಅಲ್ವಾ? ಆಮೇಲೆ ವಿನೆಗರ್ ಸೇರಿಸಿ ಸೋಸುತ್ತಾರೆ. ಆದ್ದರಿಂದ ಅದನ್ನು ಖಾರದ ಪುಡಿಯ ಲೆಕ್ಕದಲ್ಲಿ ಹಾಕಬೇಡ. ಊಟಕ್ಕೆ ಕೂತಾಗ ನಿಂಬೆಹಣ್ಣು ಹಿಂಡುತ್ತೇವಲ್ಲ, ಹಾಗೆ ಹಾಕು.

ಇದನ್ನು ನನಗೆ ಕಲಿಸಿದ್ದು ಗಂಬೋ ಅನ್ನುವ ಇಲ್ಲಿನ ಮಂದ ಸಾರು. ಎಣ್ಣೆ, ಮೈದಾ ಸಮಸಮ ಹಾಕಿ ಸಣ್ಣ ಉರಿಯಲ್ಲಿ ಹುರಿಯಬೇಕು. ಕಂದು ಬಣ್ಣ ಬರುವವರೆಗೆ ಮುಕ್ಕಾಲು ಗಂಟೆ ಸಟ್ಟುಗ ಕೈಬಿಡುವಂತಿಲ್ಲ. ತಳ ಹಿಡಿದರೆ ಚೆಲ್ಲಿ ಮತ್ತೆ ಶುರು ಮಾಡಬೇಕು. ಆಮೇಲೆ ಈರುಳ್ಳಿ, ಸೆಲರಿ, ದೊಣ್ಣೆಮೆಣಸು. ಆಮೇಲೆ ಬೆಂಡೆಕಾಯಿ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಅಡುಗೆಯಲ್ಲೂ ಇದರ ಬೇರಿದೆ. ಗಂಬೋ ಅನ್ನುವ ಹೆಸರೂ ಅವರ ಭಾಷೆಗಳಲ್ಲಿ ಬೆಂಡೆಕಾಯಿಗಿದ್ದ ಮಾತಿನಿಂದಲೇ ಬಂದದ್ದು ಅನ್ನುತ್ತಾರೆ. ಬೆಂಡೆಯ ಲೋಳೆ ಸಾರನ್ನು ಮಂದ ಮಾಡುತ್ತದೆ. ಮೊದಲ ಸಲ ನಾನು ಪಾತ್ರೆಗೇ ಸಾಸ್ ಸುರಿದೆ. ಸಾರು ತೆಳ್ಳಗಾಗಿ ಹೋಯಿತು. ಲೋಳೆ ಹೋಗಲಿ ಅಂತ ಅಮ್ಮ ಬೆಂಡೆಕಾಯಿ ಪಲ್ಯಕ್ಕೆ ಹುಣಸೆಹುಳಿ ಹಾಕುತ್ತಿದ್ದದ್ದು ಆಗ ನೆನಪಾಯಿತು. ನಮಗೆ ಬೇಡದ ಲೋಳೆಯೇ ಇವರಿಗೆ ಬೇಕು. ಪಕ್ಕದ ಮನೆಯ ಅಜ್ಜಿ ರುಚಿ ನೋಡಿ, "ಬಾಟಲಿ ಟೇಬಲ್ ಮೇಲಿರಲಿ ಮಗಾ" ಅಂದರು. ಈಗಲೂ ಗಂಬೋ ಮಾಡುವಾಗೆಲ್ಲ ಅವರ ಮಾತು ಕಿವಿಯಲ್ಲಿರುತ್ತದೆ.

ಕೋಳಿ ಕರಿಯುವಾಗ ಮಾತ್ರ ಬೇರೆ. ಮಜ್ಜಿಗೆಗೆ ಉಪ್ಪು, ಸಾಸ್ ಬೆರೆಸಿ ಅದರಲ್ಲಿ ರಾತ್ರಿಯೆಲ್ಲ ನೆನೆಸುತ್ತಾರೆ. ನೀನು ತಿನ್ನುವುದಿಲ್ಲ, ಬಿಡು.

ನಿನಗೆ ಹೊಂದುವುದು ಸೋಮವಾರದ ಊಟ. ಹಿಂದೆ ನ್ಯೂ ಆರ್ಲಿಯನ್ಸಿನಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ. ಹೆಂಗಸರು ಬೆಳಗ್ಗೆ ಕೆಂಪು ಬೀನ್ಸನ್ನು, ಅಂದರೆ ನಮ್ಮ ರಾಜ್ಮಾವನ್ನು, ಸಣ್ಣ ಉರಿಗಿಟ್ಟು ಒಗೆಯಲು ಹೋಗುತ್ತಿದ್ದರು. ಇವತ್ತೂ ಸೋಮವಾರ ಅಂದರೆ ಅಲ್ಲಿ ಬೀನ್ಸ್ ಮತ್ತು ಅನ್ನ. ಭಾನುವಾರ ಉಳಿದ ಹಂದಿಮಾಂಸದ ಮೂಳೆಯನ್ನೂ ಹಾಕುತ್ತಿದ್ದರು. ನೀನು ಅದನ್ನು ಬಿಟ್ಟು ಒಂದು ಚಮಚ ಬೆಣ್ಣೆ ಹಾಕು. ರಾಜ್ಮಾ ರಾತ್ರಿಯೇ ನೆನೆಸಿಡು. ಆ ನೀರು ಚೆಲ್ಲಿ ಹೊಸ ನೀರಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಉರಿ ಇಳಿಸು. ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸು, ಒಂದು ಪಲಾವ್ ಎಲೆ ಸಾಕು. ಪೂರ್ತಿ ಬೆಂದ ಮೇಲೆ ಕಾಲುಭಾಗವನ್ನು ಸೌಟಿನಲ್ಲಿ ಮಸೆ. ಹುಳಿ ಮೊದಲೇ ಬಿದ್ದರೆ ಕಾಳು ಬೇಯುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಸಾಸ್ ತಟ್ಟೆಯಲ್ಲಿ, ಬಿಸಿ ಅನ್ನದ ಮೇಲೆ, ನಾಲ್ಕು ಹನಿ.

ನಾನೂ ಈಗ ಬೀನ್ಸ್ ನೆನೆಹಾಕಿಯೇ ಈ ಪತ್ರ ಬರೆಯಲು ಕೂತಿದ್ದು.

ನಿನ್ನ,
ಸುರೇಶ