ಆಂಟಿಬಾಡಿ ರಿಪೋರ್ಟ್ ಜೊತೆ ಕೀಲನ್ನೂ ನೋಡಿ

ಮಾನ್ಯ ಸಂಪಾದಕರೇ,

ಕೀಲು ನೋವು ಶುರುವಾದ ಕೂಡಲೇ ಡಾಕ್ಟರ ಬಳಿ ಹೋಗದೆ, ‘ಆರ್‌ಎ ಫ್ಯಾಕ್ಟರ್, ಎಎನ್‌ಎ ಎರಡೂ ಮಾಡಿಬಿಡಿ’ ಎಂದು ನೇರವಾಗಿ ಲ್ಯಾಬಿಗೆ ಬರುವವರು ಈಗ ಜಾಸ್ತಿ. ಆರ್‌ಎ ಫ್ಯಾಕ್ಟರ್ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುವಾತಕ್ಕೆ, ಎಎನ್‌ಎ ಲೂಪಸ್‌ನಂಥ ಕಾಯಿಲೆಗೆ ಸುಳಿವು ಕೊಡುವ ರಕ್ತಪರೀಕ್ಷೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಈ ಕಾಯಿಲೆಗಳಲ್ಲಿ ಕಾಣುವ ಆಂಟಿಬಾಡಿಗಳನ್ನು ಇವು ಹುಡುಕುತ್ತವೆ. ನಾನು ಲ್ಯಾಬ್ ಟೆಕ್ನಿಷಿಯನ್. ‘ಪಾಸಿಟಿವ್’ ಎಂದು ಓದಿ ಅಲ್ಲೇ ಕುಸಿದು ಕೂರುವವರನ್ನು ಕಂಡಾಗ ತುಂಬಾ ಸಂಕಟವಾಗುತ್ತದೆ.

ಎಎನ್‌ಎ ಪರೀಕ್ಷೆಗೆ ಸೀರಮ್ಮನ್ನು (ರಕ್ತದ ತಿಳಿ ದ್ರವವನ್ನು) ಡೈಲ್ಯೂಟ್ ಮಾಡಿ, ಜೀವಕೋಶಗಳಿರುವ ಸ್ಲೈಡ್ ಮೇಲೆ ಹಾಕುತ್ತೇವೆ. ಆಂಟಿಬಾಡಿ ಇದ್ದರೆ ಮೈಕ್ರೋಸ್ಕೋಪಿನಲ್ಲಿ ಕೋಶಗಳು ಹಸಿರಾಗಿ ಹೊಳೆಯುತ್ತವೆ. 1:40ರಲ್ಲಿ, ಅಂದರೆ ನಲವತ್ತು ಪಟ್ಟು ಡೈಲ್ಯೂಟ್ ಮಾಡಿದಾಗ, ಆರೋಗ್ಯವಂತರಲ್ಲೇ ನೂರಕ್ಕೆ 25ರಿಂದ 30 ಮಂದಿಯ ಸ್ಲೈಡ್ ಹೊಳೆಯುತ್ತದೆ. 1:160ರಲ್ಲೂ ಸುಮಾರು 5 ಮಂದಿಯದು ಹೊಳೆಯುತ್ತದೆ. ಲೂಪಸ್ ಇರುವ ಬಹುತೇಕ ಎಲ್ಲರಿಗೂ ಎಎನ್‌ಎ ಪಾಸಿಟಿವ್ ನಿಜ. ಆದರೆ ಪಾಸಿಟಿವ್ ಬಂದವರಲ್ಲಿ ಲೂಪಸ್ ಇಲ್ಲದವರೇ ಹೆಚ್ಚು. ಆರ್‌ಎ ಫ್ಯಾಕ್ಟರ್ ಕೂಡ ಹಾಗೇ, ವಯಸ್ಸಾದವರಲ್ಲಿ, ಹೆಪಟೈಟಿಸ್ ಸಿ ಇರುವವರಲ್ಲಿ ಸುಮ್ನೆ ಕಾಣಿಸಿಕೊಳ್ಳುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಪತ್ತೆಗೆ ಆಂಟಿ ಸಿಸಿಪಿ ಎಂಬ ಇನ್ನೊಂದು ಆಂಟಿಬಾಡಿ ಪರೀಕ್ಷೆ ಇವೆರಡಕ್ಕಿಂತ ನಂಬಿಕಸ್ಥ.

ನನಗೆ ಹೆಚ್ಚು ಭಯ ನೆಗೆಟಿವ್ ಬಂದವರ ಬಗ್ಗೆ. ರಕ್ತ ತೆಗೆಯುವಾಗ ‘ಮುಷ್ಟಿ ಬಿಗಿ ಹಿಡಿಯಿರಿ’ ಅಂದರೆ ಒಬ್ಬ ಹೆಂಗಸಿಗೆ ಬೆರಳು ಮಡಚಲೇ ಆಗಲಿಲ್ಲ. ಎರಡೂ ಕೈಯ ಬೆರಳಿನ ಬುಡದ ಗೆಣ್ಣುಗಳು ಮೆತ್ತಗೆ ಊದಿದ್ದವು. ಬೆಳಿಗ್ಗೆ ಎದ್ದಮೇಲೆ ಒಂದು ಗಂಟೆ ಕೈ ಬಿಗಿದುಕೊಂಡಿರುತ್ತದಂತೆ. ರಿಪೋರ್ಟ್ ನೋಡಿ, ‘ಎಲ್ಲಾ ನಾರ್ಮಲ್ ಅಲ್ವಾ, ಡಾಕ್ಟರ್ ಯಾಕೆ’ ಎಂದು ಹೊರಟರು. ನಾನು ತಡೆದು, ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ಹೋಗಲೇಬೇಕು ಎಂದೆ. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎರಡೂ ನೆಗೆಟಿವ್ ಇರುತ್ತವೆ.

ಈ ಕಾಯಿಲೆ ಗುರುತಿಸಲು 2010ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರು ಸೇರಿ ಮಾಡಿದ 10 ಅಂಕಗಳ ಪಟ್ಟಿ ಇದೆ. 6 ಅಥವಾ ಹೆಚ್ಚು ಬಂದರೆ ಕಾಯಿಲೆ ಎಂದು ಲೆಕ್ಕ. ಅದರಲ್ಲಿ ಕೀಲುಗಳಿಗೆ 5 ಅಂಕದವರೆಗೆ ಇದೆ. ಆಂಟಿಬಾಡಿ ಎಷ್ಟೇ ಏರಿದ್ದರೂ 3ಕ್ಕಿಂತ ಹೆಚ್ಚು ಸಿಗುವುದಿಲ್ಲ. ಕೀಲು ಮುಟ್ಟಿ ನೋಡದೆ ಯಾರೂ ತೀರ್ಪು ಕೊಡುವಂತಿಲ್ಲ.

ಇಂಥ ರಿಪೋರ್ಟಿನ ಕೆಳಗೆ ‘ಲಕ್ಷಣಗಳ ಜೊತೆ ಹೋಲಿಸಿ ನೋಡಬೇಕು’ ಎಂಬ ಸಾಲು ದೊಡ್ಡ ಅಕ್ಷರದಲ್ಲಿ ಇರಲಿ ಎಂದು ಎಲ್ಲ ಲ್ಯಾಬ್‌ಗಳನ್ನೂ ಕೇಳಿಕೊಳ್ಳುತ್ತೇನೆ. ನಿಮ್ಮ ಆರೋಗ್ಯ ಪುಟದಲ್ಲೂ ಬೆಳಗಿನ ಬಿಗಿತ, ಇಳಿಯದ ಊತದ ಬಗ್ಗೆ ಬರೆಯಿರಿ. ಸವೆದ ಕೀಲು ಮೊದಲಿನಂತಾಗುವುದಿಲ್ಲ. ಮೊದಲ ಕೆಲವು ತಿಂಗಳಲ್ಲೇ ಔಷಧಿ ಶುರುವಾದರೆ ಸವೆತವನ್ನು ಬಹಳಷ್ಟು ತಡೆಯಬಹುದು.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್