ಗೆಳೆಯನಿಗೊಂದು ಪತ್ರ: ಅರ್ಧ ಗ್ಲಾಸಿಗೆ ಸುರಿಯಬಾರದು

ಮಗಾ,

ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ಕಳಿಸಿದರೆ ಬರೀ ಹೆಬ್ಬೆಟ್ಟು ಒತ್ತುತ್ತೀಯ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸ್ವಲ್ಪನಾದರೂ ನಾಚಿಕೆಯಾಗಲಿ.

ನಿನ್ನೆ ಇಲ್ಲಿ ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಜೋರು ಮಳೆ. ಮಳೆ ಬಂದರೆ ನಮಗೆ ಬೋಂಡ ನೆನಪಾಗುತ್ತದೆ, ಈ ಕೊರಿಯನ್ನರಿಗೆ ಪಜನ್ ಮತ್ತು ಮಕ್ಕೊಲ್ಲಿ. ಆಫೀಸಿನಿಂದ ಐದು ಜನ ಸ್ಟೇಷನ್ ಹಿಂದಿನ ಗಲ್ಲಿಯ ಒಂದು ಪುಟ್ಟ ಅಂಗಡಿಗೆ ನುಗ್ಗಿದೆವು. ಪಜನ್ ಅಂದರೆ ಈರುಳ್ಳಿ ಸೊಪ್ಪನ್ನು ಉದ್ದುದ್ದಕ್ಕೇ ಹಾಕಿ ಎಣ್ಣೆಯಲ್ಲಿ ಬೇಯಿಸಿದ ದಪ್ಪ ದೋಸೆ. ಮಕ್ಕೊಲ್ಲಿ ಅಕ್ಕಿಯ ಹೆಂಡ. ಅಕ್ಕಿ ತೊಳೆದ ನೀರಿನ ಬಣ್ಣ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ನೆಗ್ಗಿಹೋದ ಅಲ್ಯುಮಿನಿಯಂ ಕೆಟಲ್‌ನಲ್ಲಿ ತಂದಿಡುತ್ತಾರೆ, ಬಟ್ಟಲಲ್ಲಿ ಕುಡಿಯುತ್ತಾರೆ. ಮೊದಲ ಗುಟುಕಿಗೆ ಅಮ್ಮನ ಗ್ರೈಂಡರ್ ನೆನಪಾಯಿತು, ದೇವರಾಣೆ.

ಇಲ್ಲಿ ಸುಮ್ನೆ ಕುಡಿಯುತ್ತಾ ಕೂರುವ ಪದ್ಧತಿ ಇಲ್ಲ. ನೆಂಚಿಕೊಳ್ಳಲು ಏನಾದರೂ ತರಿಸಲೇಬೇಕು. ಹಾಗೆ ನೆಂಚಿಕೊಳ್ಳುವುದಕ್ಕೆಲ್ಲ ಒಂದೇ ಹೆಸರು: ಅಂಜು. ನಗಬೇಡ. ಪ್ರತಿ ಸಲ ಪಕ್ಕದ ಟೇಬಲಿನವರು ‘ಅಂಜು, ಅಂಜು’ ಅಂದಾಗ ನಿನ್ನ ಮುಖ ಕಣ್ಣ ಮುಂದೆ ಬರುತ್ತದೆ. ಇಷ್ಟೇ ಹೇಳುತ್ತೇನೆ, ನಿನ್ನ ಹೆಂಡತಿಯೂ ಓದುತ್ತಾಳೆ.

ಆಮೇಲೆ ಹಸಿರು ಬಾಟಲಿ ಬಂತು. ಸೋಜು, ಇಲ್ಲಿನ ಸಾರಾಯಿ. 360 ಮಿಲಿ, ಆಲ್ಕೋಹಾಲ್ ಶೇ 16ರ ಆಸುಪಾಸು. ಸಣ್ಣ ಗ್ಲಾಸಿನಲ್ಲಿ ಸುರಿದರೆ ಏಳು ಗ್ಲಾಸ್ ಆಗುತ್ತದೆ. ಇಬ್ಬರು ಕೂತರೂ ಒಂದು ಉಳಿಯುತ್ತದೆ, ಮೂವರು ಕೂತರೂ ಒಂದು ಉಳಿಯುತ್ತದೆ, ನಾಲ್ವರಿಗೆ ಒಂದು ಸಾಲುವುದಿಲ್ಲ. ಹಾಗಾಗಿ ಇನ್ನೊಂದು ಬಾಟಲಿ. ಹೇಗೆ ಹಂಚಿದರೂ ಸಮ ಬಾರದ ನಮ್ಮ ಹನ್ನೊಂದು ಮೊಟ್ಟೆಯ ಲೆಕ್ಕದ ಹಾಗೆಯೇ.

ತಮ್ಮ ಗ್ಲಾಸಿಗೆ ತಾವೇ ಸುರಿದುಕೊಳ್ಳುವುದಿಲ್ಲ ಇವರು. ಪಕ್ಕದವರದು ನಾವು ನೋಡಿಕೊಳ್ಳಬೇಕು, ನಮ್ಮದು ಅವರು. ದೊಡ್ಡವರಿಗಾದರೆ ಎರಡೂ ಕೈಯಲ್ಲಿ ಸುರಿಯಬೇಕು. ಇದೆಲ್ಲ ನನಗೆ ಗೊತ್ತು ಅಂತ ಮೆರೆಯುತ್ತಾ, ನಮ್ಮ ಸೀನಿಯರ್ ಗ್ಲಾಸ್ ಅರ್ಧ ಆಗಿದ್ದು ಕಂಡು ಬಾಟಲಿ ಎತ್ತಿದೆ. ಅವರು ಗಬಕ್ಕನೆ ಗ್ಲಾಸಿನ ಮೇಲೆ ಅಂಗೈ ಮುಚ್ಚಿ, "ನಾನಿನ್ನೂ ಬದುಕಿದ್ದೇನೆ ಮಾರಾಯ" ಅನ್ನುವ ಅರ್ಥದಲ್ಲಿ ಏನೋ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗ್ಲಾಸ್ ಪೂರ್ತಿ ಖಾಲಿಯಾದ ಮೇಲೇ ತುಂಬಬೇಕಂತೆ. ಅರ್ಧ ಇರುವಾಗ ಮೇಲೆ ಸುರಿಯುವುದು ಸತ್ತವರಿಗೆ ಎಡೆ ಇಡುವಾಗ ಮಾತ್ರ.

ನಾನೂ ನಕ್ಕೆ. ಆದರೆ ಎಡೆ ಅಂದ ಕೂಡಲೇ ಹೋದ ವರ್ಷದ ಮಹಾಲಯ ಅಮಾವಾಸ್ಯೆ ನೆನಪಾಯಿತು. ಅಮ್ಮ ವಿಡಿಯೋ ಕಾಲ್ ಮಾಡಿ ಅಪ್ಪನ ಎಡೆ ತೋರಿಸಿದರು. ಮಟನ್ ಸಾರು, ವಡೆ, ಕಜ್ಜಾಯ, ಎಲೆ ತುದಿಯಲ್ಲಿ ಒಂದು ನೈಂಟಿ ಪ್ಯಾಕೆಟ್. ಇಪ್ಪತ್ತು ವರ್ಷ ಅದೇ ಪ್ಯಾಕೆಟ್ಟಿಗಾಗಿ ಜಗಳ ಆಡಿದ ಹೆಂಗಸು. ತಂದವರು ಯಾರು ಅಂದೆ. "ನಾನೇ ತರಿಸಿದೆ. ಅವರಿಗಿಷ್ಟ ಅಲ್ವೇನೋ" ಅಂದರು.

ಇಲ್ಲಿ ದೊಡ್ಡವರ ಎದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ನಿನ್ನೆಯೂ ತಿರುಗಿಸಿದೆ. ಎದುರಿಗೆ ಗೋಡೆ, ಒಂದು ಮೊಳೆ, ತೂಗುಹಾಕಿದ ಒದ್ದೆ ಕೊಡೆ. ಗ್ಲಾಸ್ ತುಟಿಗೆ ತಾಗಿದಾಗ ಕೈ ನಿಂತಿತು ಕಣೋ. ಒಂಬತ್ತನೇ ಕ್ಲಾಸಿನಲ್ಲಿ ಟ್ಯೂಷನ್ ಮುಗಿಸಿ ಸೈಕಲ್‌ನಲ್ಲಿ ಬರುತ್ತಿದ್ದೆ. ಬಸ್ ಸ್ಟ್ಯಾಂಡ್ ಹಿಂದಿನ ವೈನ್ ಸ್ಟೋರ್ ಮುಂದೆ ಅಪ್ಪ ನಿಂತಿದ್ದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಲೋಟ, ಇನ್ನೊಂದರಲ್ಲಿ ಕಡ್ಲೆಬೀಜ. ನನ್ನನ್ನು ನೋಡಿದವರೇ ಗೋಡೆ ಕಡೆ ತಿರುಗಿ ಒಂದೇ ಸಲಕ್ಕೆ ಎತ್ತಿದರು. ಥೇಟ್ ಹೀಗೇ. ರಾತ್ರಿ ಮನೆಗೆ ಬಂದು ಚಾಕ್ಲೆಟ್ ಕೊಟ್ಟರು. ನಾನು ತಿಂದೆ. ಅವರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2022ರಲ್ಲಿ ಹೋಗೇಬಿಟ್ಟರು.

ಇನ್ನೊಂದು ಹೇಳಿಬಿಡುತ್ತೇನೆ. ನಿನ್ನೆ ಐದು ಜನ ಇದ್ದೆವು ನಿಜ. ಆದರೆ ವಾರದಲ್ಲಿ ಮೂರು ದಿನ ಅದೇ ಅಂಗಡಿಯ ಅದೇ ಮೂಲೆಯಲ್ಲಿ ನಾನೊಬ್ಬನೇ ಇರುತ್ತೇನೆ. ನನಗೆ ನಾನೇ ಸುರಿದುಕೊಳ್ಳುತ್ತೇನೆ. ಅಮ್ಮನ ಕಾಲ್ ಬಂದರೆ ಬಾಟಲಿಯನ್ನು ಕುರ್ಚಿ ಕೆಳಗಿಟ್ಟು, ಕ್ಯಾಮೆರಾವನ್ನು ಸಾರಿನ ಬಟ್ಟಲಿಗೆ ತಿರುಗಿಸಿ "ಊಟ ಮಾಡ್ತಿದ್ದೀನಿ" ಅನ್ನುತ್ತೇನೆ. ಪಾಪ, ಅವರು "ಮೀನಾ?" ಅಂತ ಕೇಳುತ್ತಾರೆ.

ಥೂ, ಜಾಸ್ತಿ ಆಯ್ತು. ಮಳೆಯದೇ ತಪ್ಪು. ಚಿಕ್ಕಮ್ಮ, ನೀವು ಇದನ್ನು ಓದುತ್ತಿದ್ದರೆ, ಮಕ್ಕೊಲ್ಲಿ ಅಂದರೆ ಇಲ್ಲಿನ ಮಜ್ಜಿಗೆ. ಸೋಜು ಅಂದರೆ ಜೀರಿಗೆ ನೀರು. ಬಾಕಿಯೆಲ್ಲ ಕಥೆ ಕಟ್ಟಿದ್ದು.

ಮಗಾ, ಡಿಸೆಂಬರಿನಲ್ಲಿ ಬರುತ್ತೇನೆ. ಎರಡು ಹಸಿರು ಬಾಟಲಿ ತರುತ್ತೇನೆ. ಮೊಟ್ಟೆ ನಿನ್ನ ಲೆಕ್ಕ, ಈ ಸಲ ಹನ್ನೆರಡು ತಾ. ಅಂಜು ನನ್ನದು.

ಇಂತಿ ನಿನ್ನ,
ಹನ್ನೊಂದನೆಯವನು